ಯಂತ್ರ ಓದದ ಕಾರ್ಡುಗಳು

ನನ್ನ ಅತ್ತಿಗೆ ಕುಸುಮಾವತಿಗೆ ಕೆಲಸ ಮಾಡಿ ಸುಮ್ಮನಿರಲು ಬರುತ್ತಿರಲಿಲ್ಲ. ಯಾಕೆ ಹಾಗೆ ಮಾಡಿದೆನೆಂದು ಹೇಳಲೇಬೇಕು. ಈ ಚಾಳಿ ಹತ್ತಿದ್ದು ನಾಸಿಕದ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ. ಅಲ್ಲಿ ಹಿಟ್ಟು ರುಬ್ಬಿದವರು ಮರುದಿನದ ಭಟ್ಟರಿಗೆ ಗೋಡೆಯ ಹಲಗೆಯ ಮೇಲೆ ಬರೆದಿಡಬೇಕಿತ್ತು: ಉದ್ದು ಹಳೆಯದು, ಅದಕ್ಕೇ ನೀರು ಕಡಿಮೆ. ಬರೀ ನೀರು ಕಡಿಮೆ ಎಂದು ಬರೆದರೆ ಭಟ್ಟರು ತಿದ್ದಲು ಹೋಗಿ ಇಡ್ಲಿ ಕೆಡಿಸುತ್ತಿದ್ದರು.

ಎಪ್ಪತ್ತೈದರ ಸುಮಾರಿಗೆ ಅವಳು ಪಂಪಿನ ಮೋಟಾರು ಮಾಡುವ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಆಗ ಒಂದೊಂದು ಸಾಲಿಗೂ ತೂತು ಕೊರೆದ ಒಂದೊಂದು ಕಾರ್ಡು. ಯಾವ ಮೋಟಾರಿಗೆ ಎಷ್ಟು ದಪ್ಪದ ತಂತಿ ಸುತ್ತಬೇಕೆಂದು ಅವಳ ಪ್ರೋಗ್ರಾಂ ಲೆಕ್ಕ ಹಾಕುತ್ತಿತ್ತು. ನಡುನಡುವೆ ಅವಳು ಬೇರೆ ಕಾರ್ಡುಗಳನ್ನೂ ಸೇರಿಸುತ್ತಿದ್ದಳು. ಯಂತ್ರ ಅವನ್ನು ಓದದೆ ದಾಟಿಹೋಗುತ್ತದೆ; ಅವು ಮನುಷ್ಯರಿಗೆ ಬರೆದ ಟಿಪ್ಪಣಿಗಳು. ಹಳ್ಳಿಯಲ್ಲಿ ಸಂಜೆ ವೋಲ್ಟೇಜು ಬೀಳುತ್ತದೆ, ಮೋಟಾರು ಸುಡಬಾರದು, ಅದಕ್ಕೇ ಇಲ್ಲಿ ತಂತಿ ದಪ್ಪ ಮಾಡಿದೆ, ಎಂದೆಲ್ಲ.

ಮೇಲಧಿಕಾರಿ ಸುಧಾಕರ ಸಾಹೇಬರಿಗೆ ಇದು ದಂಡ. ಯಂತ್ರವೇ ಓದದ್ದನ್ನು ಯಾರಿಗಾಗಿ ಬರೆಯುತ್ತೀ ಎಂದು ಗೊಣಗುತ್ತಿದ್ದರು. ಅತ್ತಿಗೆ ಬಸುರಿಯಾದಾಗ ಇನ್ನೊಂದು ರಾಗ ತೆಗೆದರು: ಹೆಂಗಸರು ಹೆರಿಗೆಗೆ ಹೋದರೆ ಪ್ರೋಗ್ರಾಂ ನಿಂತುಹೋಗುತ್ತದೆ, ಆದ್ದರಿಂದ ಪರ್ಮನೆಂಟ್ ಮಾಡಲಾಗದು. ನನಗೆ ಮೈ ಉರಿಯಿತು. ಅವಳು ಮಾತ್ರ ನೇರ ಪಂಥ ಕಟ್ಟಿದಳು. ರಜೆಯಲ್ಲಿರುವಾಗ ಯಾರಾದರೂ ತನ್ನನ್ನು ಒಂದು ಮಾತು ಕೇಳುವ ಹಾಗಾದರೆ ತಾನೇ ಕೆಲಸ ಬಿಡುವುದು, ಇಲ್ಲವಾದರೆ ಪರ್ಮನೆಂಟ್. ಸಾಹೇಬರು ನಗುತ್ತ ಒಪ್ಪಿದರು.

ಮಗು ಹುಟ್ಟಿತು. ಅಷ್ಟರಲ್ಲಿ ಕಾರ್ಖಾನೆಯವರು ಔರಂಗಾಬಾದಿನಲ್ಲಿ ಹೊಸ ಶಾಖೆ ತೆರೆದು ಅದೇ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸಿದರು. ಅಲ್ಲಿ ಮಾಡುವುದು ಮಿಲ್ಲುಗಳ ಮೋಟಾರು, ಲೆಕ್ಕ ಬದಲಾಗಲೇಬೇಕು. ನಮ್ಮ ಜೀವ ಬಾಯಿಗೆ ಬಂತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ಫೋನು ರಿಂಗಾದರೆ ಸಾಕು, ಅಣ್ಣ ಸದಾನಂದ ಚಿಲ್ಲರೆ ಚೆಲ್ಲುತ್ತಿದ್ದ.

ಒಂದು ಮಧ್ಯಾಹ್ನ ಬಂದೇಬಿಟ್ಟಿತು, ಔರಂಗಾಬಾದಿನಿಂದ ಟ್ರಂಕ್ ಕಾಲ್. ಅಣ್ಣ ಪೆಚ್ಚುಮೋರೆ ಹಾಕಿಕೊಂಡು ಅವಳನ್ನು ಕರೆದ. ಅವಳು ಮಗುವನ್ನು ನನ್ನ ಕೈಗಿಟ್ಟು, "ಹೋಯ್ತಲ್ಲ ಮಾರಾಯ್ರೆ ಕೆಲಸ" ಎಂದಳು. ರಿಸೀವರ್ ಎತ್ತಿಕೊಂಡಳು.

ಆ ಕಡೆ ಇದ್ದದ್ದು ವೈಜನಾಥ, ಬೀದರಿನವನು, ಅವಳನ್ನು ಒಮ್ಮೆಯೂ ಕಂಡವನಲ್ಲ. ಅವನ ದೊಡ್ಡ ಗಂಟಲು ಗಲ್ಲಾಪೆಟ್ಟಿಗೆಯಾಚೆಗೂ ಕೇಳುತ್ತಿತ್ತು.

"ಅಕ್ಕಾರ, ಕೇಳ್ಲಾಕ್ ಅಲ್ಲರಿ, ಹೇಳ್ಲಾಕ್ ಫೋನ್ ಮಾಡೀನಿ. ತಂತಿ ಯಾಕ ದಪ್ಪ ಅಂತ ನೀವೇ ಬರದೀರಿ. ನಮ್ಮಲ್ಲಿ ಕರೆಂಟ್ ಬರೋಬರ್ ಅದ, ವೋಲ್ಟೇಜ್ ಬೀಳಲ್ಲ, ತೆಳ್ಳಗ ಮಾಡೀವಿ. ಚಾಲೂ ಅದರಿ."

ಅತ್ತಿಗೆ ನಕ್ಕಳು, ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಸುಧಾಕರ ಸಾಹೇಬರು ಮಾತಿಗೆ ತಪ್ಪುವವರಲ್ಲ. ಪರ್ಮನೆಂಟ್ ಆರ್ಡರಿಗೆ ಸಹಿ ಹಾಕಿದರು, ಇನ್ನು ಮುಂದೆ ಎಲ್ಲರೂ ಟಿಪ್ಪಣಿ ಬರೆಯಬೇಕೆಂದು ಅಪ್ಪಣೆಯನ್ನೂ ಮಾಡಿದರು. ಅಂದು ಹೋಟೆಲಿಗೆ ಬಂದವರಿಗೆಲ್ಲ ಶೀರಾ ಪುಕ್ಕಟೆ. ತಾನಿಲ್ಲದೆಯೂ ಕೆಲಸ ನಡೆಯಿತೆಂದು ಅಷ್ಟು ಹೆಮ್ಮೆಯಿಂದ ಸಿಹಿ ಹಂಚಿದವರನ್ನು ನಾನಂತೂ ಬೇರೆ ಯಾರನ್ನೂ ಕಂಡಿಲ್ಲ.