ಒಂಟಿ ಸೀನು

ಕೊರೊನಾದ ಎರಡನೇ ವರ್ಷ. ಕರಿಬೇವಿನ ಆಸೆಗೆ ಲೈಡನ್‌ನಿಂದ ರೈಲು ಹತ್ತಿ ಹೇಗ್‌ನ ಭಾರತೀಯರ ಓಣಿಗೆ ಹೋಗಿದ್ದೆ. ಅಂಗಡಿಯ ಅಜ್ಜಿ ಸುರಿನಾಮಿನಿಂದ ಬಂದವರು. ಅವರ ಮುತ್ತಜ್ಜ ಬಿಹಾರ ಬಿಟ್ಟು ಅಲ್ಲಿಗೆ ಕೂಲಿಗೆ ಹೋದವನಂತೆ. ನಾನು ಚೀಲ ಎತ್ತಿಕೊಂಡು ಹೊರಡುವಾಗ ಅಜ್ಜಿ ಸೀನಿದರು. ಒಂದೇ ಸೀನು. ಉಳಿದಿಬ್ಬರು ಗಿರಾಕಿಗಳು ಸಾಮಾನು ಅಲ್ಲೇ ಬಿಟ್ಟು ಹೊರಗೋಡಿದರು. ನನಗೂ ಓಡಬೇಕೆನಿಸಿತು, ಆದರೆ ಹಾಳಾದ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು. ಧಾರವಾಡದಲ್ಲಿ ಅವ್ವ ಹೀಗೆಯೇ ತಡೆಯುತ್ತಿದ್ದಳು: “ಒಂಟಿ ಸೀನಾತು, ಚೂರು ಕುಂತು ಹೋಗು.”

ಅಜ್ಜಿ ನನ್ನ ಕಾಲನ್ನೇ ನೋಡಿದರು. ಮಾಸ್ಕಿನೊಳಗಿಂದ, “ಬೈಠ್ ಜಾ,” ಎಂದು ಸ್ಟೂಲು ತೋರಿಸಿದರು.

ಕೂತೆ. ಊರಿಗೆ ಊರೇ ಹೆದರುತ್ತಿದ್ದ ಇನ್ನೊಂದು ಸೀನಿಗಾಗಿ ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು.