ದೋಣಿಯೊಳಗಿನ ಕೆರೆ

ನನ್ನ ಮಾವ, ಅಂದರೆ ಅಮ್ಮನ ತಮ್ಮ, ನಲವತ್ತು ವರ್ಷ ದೋಣಿ ರಿಪೇರಿ ಮಾಡಿದವರು. ಕೆರೆಯಲ್ಲಿ ತೇಲುವ ಯಾವ ದೋಣಿಯನ್ನು ತೋರಿಸಿದರೂ ಅದರ ಹೊಟ್ಟೆಯಲ್ಲಿ ಎಷ್ಟು ಮೊಳೆ ಇದೆ ಎಂದು ಹೇಳುತ್ತಿದ್ದರು. ಸುಳ್ಳೋ ನಿಜವೋ, ಎಣಿಸಿ ನೋಡಿದವರು ಯಾರೂ ಇಲ್ಲ. ಆಮೇಲೆ ಕೆರೆ ವರ್ಷವರ್ಷಕ್ಕೂ ಬತ್ತತೊಡಗಿತು. ಮೊದಲು ಮೆಟ್ಟಿಲು ಬಿಟ್ಟು ದೂರವಾಯಿತು. ಆಮೇಲೆ ಮೀನು ಹೋದವು, ಕೊನೆಗೆ ಗಿರಾಕಿಗಳೂ ಹೋದರು. ಹೋದ ವರ್ಷದಿಂದ, ನೀರಿದ್ದ ಜಾಗದಲ್ಲಿ ಲಾರಿಗಳು ನಿಲ್ಲತೊಡಗಿದವು.

ಅವತ್ತಿನಿಂದ ಮಾವ ಹಾಸಿಗೆ ಹಿಡಿದರು. ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಇದ್ದ ರಕ್ತದೊತ್ತಡಕ್ಕೆ ಮಾತ್ರೆ ಇತ್ತು. ಆ ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಡಾಕ್ಟರು ಅತ್ತೆಯನ್ನು ಪಕ್ಕಕ್ಕೆ ಕರೆದು, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದರು. ನಾನು ಪ್ರತಿ ಭಾನುವಾರ ಹೋಗಿ ಜಗಳವಾಡುತ್ತಿದ್ದೆ.

“ಮಾವ, ಒಂದು ಮಾತ್ರೆ ನುಂಗೋಕೆ ಏನು ಕಷ್ಟ?”

“ನುಂಗಿ ಏನು ಮಾಡ್ಲಿ? ಇನ್ನೊಂದಿಷ್ಟು ಲಾರಿ ನೋಡ್ಲಾ?”

ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವರ ಮಾತಿನಲ್ಲಿ ಸುಳ್ಳೇನಿತ್ತು ಹೇಳಿ?

ಅತ್ತೆ ಮಾತಿನಲ್ಲಿ ಗೆಲ್ಲುವ ಹೆಂಗಸಲ್ಲ. ಹಿತ್ತಲಲ್ಲಿ ಮಾವನ ಸ್ವಂತ ಪುಟ್ಟ ದೋಣಿಯೊಂದು ಒಣಗಿ ಬಿರುಕು ಬಿಟ್ಟಿತ್ತು. ಮರದ ದೋಣಿ ಒಣಗಿದರೆ ಅದರೊಳಗೆ ನೀರು ತುಂಬಿಸಿ ಬಿಡಬೇಕು; ಹಲಗೆ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಅತ್ತೆ ತರಕಾರಿ ತೊಳೆದ ನೀರನ್ನೆಲ್ಲ ಅದಕ್ಕೆ ಸುರಿಯತೊಡಗಿದರು. ಸೋರಿದ್ದು ಸೋರಿತು, ಹಲಗೆ ಕುಡಿದದ್ದು ಕುಡಿಯಿತು. ಒಂದು ದಿನ ಅಪರೂಪಕ್ಕೆ ಜೋರು ಮಳೆ ಬಂದು ಅರ್ಧ ದೋಣಿ ತುಂಬಿತು. ನಾಲ್ಕು ದಿನ ಇಟ್ಟು ಚೆಲ್ಲಬೇಕಾದ ನೀರು ಅದು. ಅತ್ತೆ ಬೇಕೆಂದೇ ಚೆಲ್ಲಲಿಲ್ಲ. ವಾಸನೆ ಬಂದರೆ ಬೈಯುವುದಕ್ಕಾದರೂ ಗಂಡ ಎದ್ದು ಬರಲಿ ಎಂಬುದು ಅವರ ಉಪಾಯ.

ಮಾವ ಎದ್ದು ಬಂದರು, ಬೈಯುತ್ತಲೇ ಬಂದರು. “ದೋಣಿ ಕೊಳೆಸ್ತಿದ್ದೀಯಲ್ಲೇ, ತಲೆ ನೆಟ್ಟಗಿದೆಯಾ?” ಬಗ್ಗಿ ನೋಡಿದವರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನೀರಿನ ತುಂಬ ಬಾಲ ಅಲ್ಲಾಡಿಸುವ ಗೊದಮೊಟ್ಟೆಗಳು. ಕಪ್ಪೆಗಳು ಅಷ್ಟು ದಿನ ಎಲ್ಲಿ ತಲೆಮರೆಸಿಕೊಂಡಿದ್ದವೋ, ಇಲ್ಲೊಂದು ಕೆರೆಯಿದೆ ಎಂದು ಅವಕ್ಕೆ ಯಾರು ಸುದ್ದಿ ಕೊಟ್ಟರೋ!

“ಚೆಲ್ಲಿಬಿಡ್ಲಾ?” ಎಂದರು ಅತ್ತೆ, ಏನೂ ಗೊತ್ತಿಲ್ಲದವರ ಹಾಗೆ.

“ಮುಟ್ಟಿದ್ರೆ ನೋಡು! ಇವಕ್ಕೆ ಕಾಲು ಬರೋವರೆಗೂ ಒಂದು ಹನಿ ಕದಲಬಾರದು.”

“ಅದಕ್ಕೆ ಒಂದೂವರೆ ತಿಂಗಳಾದ್ರೂ ಬೇಕು. ಅಲ್ಲೀವರೆಗೂ ನೋಡ್ಕೊಳ್ಳೋರು ಯಾರು? ಮಾತ್ರೆ ಬಿಟ್ಟು ಮಲಗಿರೋ ನೀವಾ?”

ಮಾವ ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಳಗೆ ಹೋಗಿ ಮಾತ್ರೆ ನುಂಗಿದರು.

ಮುಂದಿನದು ಅತ್ತೆಯ ಪಾಲಿನ ಗೋಳು. ಅಡುಗೆಗೆ ತಂದ ಸೊಪ್ಪು ಬೇಯುವಷ್ಟರಲ್ಲಿ ಅದರಲ್ಲಿ ಅರ್ಧ ಗೊದಮೊಟ್ಟೆಗಳ ಪಾಲಾಗುತ್ತಿತ್ತು. ಸೊಳ್ಳೆಯಾಗುತ್ತದೆ ಎಂದು ಪಕ್ಕದ ಮನೆಯ ಟೈಲರ್ ತಕರಾರು ತೆಗೆದಾಗ, ಮಾವ ಮಂಚದ ಸೊಳ್ಳೆಪರದೆಯನ್ನೇ ಬಿಚ್ಚಿ ದೋಣಿಗೆ ಹೊದಿಸಿದರು. ಅದರ ಹರಿದ ಅಂಚನ್ನು ಟೈಲರೇ ಹೊಲಿದುಕೊಟ್ಟ. ಅತ್ತೆ ಬೆಳಿಗ್ಗೆ ಕೈಕಾಲು ಕೆರೆದುಕೊಳ್ಳುತ್ತಲೇ ನನಗೆ ಫೋನು ಮಾಡಿ, “ಕಪ್ಪೆಗಿರೋ ಮರ್ಯಾದೆ ಈ ಮನೇಲಿ ನನಗಿಲ್ಲ ಕಣೇ” ಎನ್ನುತ್ತಿದ್ದರು. ಅಷ್ಟು ಖುಷಿಯಿಂದ ದೂರು ಹೇಳಿದವರನ್ನು ನಾನು ಕಂಡಿಲ್ಲ.

ಕೊನೆಗೂ ಕಾಲು ಬಂದವು. ಉಗುರಿನಷ್ಟಿದ್ದ ಕಪ್ಪೆಗಳು ಮಾವ ಇಟ್ಟ ಓರೆ ಹಲಗೆ ಹತ್ತಿ ಒಂದೊಂದಾಗಿ ಹುಲ್ಲಿನೊಳಗೆ ನೆಗೆದು ಹೋದವು. ಆ ಭಾನುವಾರ ನಾನು ಹೋದಾಗ ದೋಣಿಯ ನೀರಿನಲ್ಲಿ ಏನೂ ಅಲುಗುತ್ತಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ನಮ್ಮಿಬ್ಬರಿಗೂ ಒಂದೇ ಭಯ: ಇನ್ನು ಮಾವ ಮತ್ತೆ ಹೋಗಿ ಮಲಗಿದರೆ?

ಅಷ್ಟರಲ್ಲಿ ಹಿತ್ತಲಿಂದ ಅವರ ಕೂಗು ಕೇಳಿಸಿತು.

“ಲೇ, ಈ ಒಂದು ದೋಣಿ ಸಾಲದು ಕಣೇ! ಕೆರೆ ದಂಡೇಲಿ ಇನ್ನೂ ಮೂರು ಬಿದ್ದಿವೆ, ಎಳ್ಕೊಂಡು ಬರ್ತೀನಿ. ಮುಂದಿನ ವರ್ಷ ಕಪ್ಪೆ ಬರೋ ಹೊತ್ತಿಗೆ ರೆಡಿ ಇರ್ಬೇಕಲ್ಲ!”

ಮುಂದಿನ ವರ್ಷ ಎಂಬ ಮಾತು ಅವರ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. ಅತ್ತೆ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡು, “ಒಬ್ಬರೇ ಎಳೆದು ಸೊಂಟ ಉಳುಕಿಸ್ಕೋಬೇಡಿ, ನಾನೂ ಬಂದೆ!” ಎಂದು ಗದರುತ್ತ ಹಿತ್ತಲಿಗೆ ಓಡಿದರು.