ಬಲಕ್ಕೆ ಬಿದ್ದ ಹೂವು

ನನ್ನ ಮಗಳನ್ನು ನಾವು ಇನ್ನೂ ಮಗ ಎಂದೇ ಕರೆಯುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅವಳಿಗೆ ಹದಿನಾರು, ಹಿರಿಯೂರಿನಲ್ಲಿ ಮೊದಲ ಪಿಯುಸಿ. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನು ಹುಡುಗ ಅಲ್ಲವ್ವ" ಎಂದಳು. ನಾನು ಒಲೆ ಆರಿಸಿ ದೇವರ ಮುಂದೆ ಹೋಗಿ ಕೂತೆ.

ಚಿತ್ರದುರ್ಗದ ಒಬ್ಬ ಖಾಸಗಿ ಡಾಕ್ಟರು, ಇಂಥ ಮಕ್ಕಳನ್ನು ಸರಿ ಮಾಡುವ ಮಾತ್ರೆಯೊಂದು ಪ್ರಯೋಗದಲ್ಲಿದೆ, ಆರು ತಿಂಗಳು ಕೊಟ್ಟು ನೋಡೋಣ ಎಂದರು. ನಮ್ಮ ಯಜಮಾನರು ಬಬ್ಬೂರಿನ ಕೃಷಿ ಸಂಶೋಧನೆ ಫಾರಂನಲ್ಲಿ ಕೆಲಸಕ್ಕಿದ್ದರು. ಪ್ರಯೋಗ ಎಂದರೆ ಅವರಿಗೆ ಗೊತ್ತು.

"ಸಾರ್, ನಮ್ ಫಾರಂನಾಗೆ ಒಂದು ತಾಕಿಗೆ ಗೊಬ್ಬರ ಹಾಕ್ತೀವಿ, ಪಕ್ಕದ ತಾಕು ಹಂಗೇ ಬಿಡ್ತೀವಿ. ನಮ್ ಹುಡುಗ ಯಾವ ತಾಕು?"

ಡಾಕ್ಟರು ನಕ್ಕರು. "ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ನಿನಗೂ ಗೊತ್ತಾಗಬಾರ್ದು, ನನಗೂ ಗೊತ್ತಾಗಬಾರ್ದು ಕಣಪ್ಪ."

ಹೊರಗೆ ಬಂದು ಯಜಮಾನರು, "ಶೇಂಗಾ ಒಣಗಿದ್ರೆ ಕಿತ್ತು ಎಸೀತೀವಿ. ಇವ್ನು ಒಣಗಿದ್ರೆ ಏನೇ ಮಾಡಾಣ?" ಎಂದರು.

ಸಹಿಗೆ ಕೊಟ್ಟ ಒಪ್ಪಿಗೆ ಕಾಗದ ನಮ್ಮಿಬ್ಬರಿಗೂ ಬಾರದ ಇಂಗ್ಲಿಷಿನಲ್ಲಿತ್ತು. ಮದುವೆಯಿರಲಿ, ಬೋರ್‌ವೆಲ್ ಇರಲಿ, ಅಮ್ಮನ ಗುಡಿಯಲ್ಲಿ ಹೂ ಕೇಳದೆ ನಮ್ಮ ಮನೆಯಲ್ಲಿ ಏನೂ ನಡೆಯದು. ದೇವಿಯ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಕಾಗದವನ್ನು ದೇವಿಯ ಪಾದದ ಹತ್ತಿರ ಇಡಿಸಿ ಕೇಳಿದೆ. ಹೂ ಬಲಕ್ಕೇ ಬಿತ್ತು.

ಗುಡಿಯ ಮೆಟ್ಟಿಲ ಮೇಲೆ ಮಗಳು ಕೈ ಚಾಚಿದಳು. "ಏನ್ ಬರ್ದೈತವ್ವ, ಕೊಡಿಲ್ಲಿ, ಓದ್ತೀನಿ."

"ಸುಮ್ನಿರಲೇ, ಅಮ್ಮನೇ ಬಲ ಕೊಟ್ಟವ್ಳೆ. ನೀನೇನು ಓದೋದು?"

ಅಲ್ಲೇ ಸಹಿ ಹಾಕಿದೆ.

ಮೂರು ತಿಂಗಳು ನನ್ನ ಕೈಯಾರೆ ನುಂಗಿಸಿದೆ. ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ, ಬಾಯಲ್ಲಿ ಜೊಲ್ಲು. ಆಮೇಲೆ ಬಲಗೈ ನಡುಗತೊಡಗಿತು. ಡಾಕ್ಟರಲ್ಲಿಗೆ ಓಡಿದರೆ, "ಮಧ್ಯದಲ್ಲಿ ಬಿಡೋ ಹಾಗಿಲ್ಲ, ಸಹಿ ಮಾಡಿದ್ದೀರಿ" ಎಂದರು. ದೇವಿಯ ಅಪ್ಪಣೆ ಮೀರಲು ನನಗೂ ಧೈರ್ಯವಿರಲಿಲ್ಲ. ಮತ್ತೆ ನುಂಗಿಸಿದೆ.

ಒಂದು ಮಧ್ಯಾಹ್ನ ಅವಳು ದೇವರ ಪಟದ ಹಿಂದಿದ್ದ ಆ ಕಾಗದ ತೆಗೆದು, ಡಿಕ್ಷನರಿ ಇಟ್ಟುಕೊಂಡು ಓದಿದಳು. ನಡುಗುವ ಬೆರಳನ್ನು ಒಂದು ಸಾಲಿನ ಕೆಳಗೆ ಇಟ್ಟು ನನ್ನನ್ನು ಕರೆದಳು.

"ಯಾವಾಗ ಬೇಡ ಅಂದ್ರೂ ಬಿಡಬೌದು ಅಂತ ಬರ್ದೈತವ್ವ. ನೀನು ದೇವ್ರನ್ನ ಕೇಳ್ದೆ, ಡಾಕ್ಟರ್ನೂ ಕೇಳ್ದೆ. ನನ್ನ ಕೇಳಿದ್ರೆ ಅವತ್ತೇ ಓದಿ ಹೇಳ್ತಿರ್ಲಿಲ್ವ?"

ಉಳಿದ ಮಾತ್ರೆಗಳನ್ನು ಯಜಮಾನರು ತಿಪ್ಪೆಗೆ ಎಸೆದರು. ನಡುಕ ಮಾತ್ರ ನಿಲ್ಲಲಿಲ್ಲ. ಆ ವರ್ಷ ಅವಳಿಗೆ ಪರೀಕ್ಷೆ ಬರೆಯಲಾಗಲಿಲ್ಲ, ಮುಂದೆಯೂ ಕಾಲೇಜಿಗೆ ಹೋಗಲಿಲ್ಲ.

ದೇವಿಯನ್ನು ದೂರುವುದಿಲ್ಲ. ಓದಬಲ್ಲವಳನ್ನು ಮನೆಯಲ್ಲೇ ಕೊಟ್ಟಿದ್ದಳು, ನಾನು ನೋಡಲಿಲ್ಲ. ಈಗ ಜ್ವರದ ಮಾತ್ರೆಯನ್ನೂ ಮಗಳು ನನ್ನ ಕೈಯಿಂದ ತಗೊಳ್ಳುವುದಿಲ್ಲ. ಮಾತ್ರೆಯ ಪಟ್ಟಿಯ ಹಿಂದುಮುಂದು ಓದಿ, ತಾನೇ ಬಿಡಿಸಿಕೊಳ್ಳುತ್ತಾಳೆ. ನೀರಿನ ಲೋಟ ಮಾತ್ರ, ಚೆಲ್ಲುತ್ತದೆಂದು, ನನಗೆ ಹಿಡಿಯಲು ಬಿಡುತ್ತಾಳೆ. ಅಷ್ಟಾದರೂ ಉಳಿಸಿದೆಯಲ್ಲ ತಾಯಿ ಎಂದು ದಿನವೂ ಕೈ ಮುಗಿಯುತ್ತೇನೆ.